ಶೇವಿಂಗ್ ಕನ್ನಡಿಯೊಳಗೆ ಮೂಲಾ ನಕ್ಷತ್ರ

ನಾರಾಯಣಪೇಟೆಯ ನೇಕಾರರ ಓಣಿಗೆ ಇನ್ನೂ ಬೆಳಕು ಬಂದಿಲ್ಲ. ಓಣಿಯ ಉದ್ದಕ್ಕೂ ಹಾಸು ಚಾಚಿದೆ. ಅಡ್ಡಕೋಲುಗಳ ಮೇಲೆ ಬಿಗಿದ ಸಾವಿರಾರು ನೂಲೆಳೆಗಳಿಗೆ ಆಗಷ್ಟೇ ಗಂಜಿ ಹಚ್ಚಿದ್ದಾರೆ. ಬಿಸಿಲು ಬೀಳುವುದರೊಳಗೆ ಕುಂಚ ಆಡಿಸಿ ಎಳೆಯಿಂದ ಎಳೆ ಬಿಡಿಸದಿದ್ದರೆ ಅಷ್ಟೂ ನೂಲು ಒಂದಕ್ಕೊಂದು ಅಂಟಿ ಹಗ್ಗವಾಗುತ್ತದೆ. ಅದಕ್ಕೇ ಈ ಓಣಿ ಊರಿಗಿಂತ ಮೊದಲು ಏಳುತ್ತದೆ. ಹಾಸಿನ ಎರಡೂ ಬದಿಗೆ ಹೆಂಗಸರು, ಗಂಡಸರು ಕುಂಚ ಹಿಡಿದು ಹಿಂದೆ ಮುಂದೆ ನಡೆಯುತ್ತಿದ್ದಾರೆ. ಮಾತು ಕಡಿಮೆ, ಕೆಮ್ಮು ಜಾಸ್ತಿ.

ಒಂದು ಸುತ್ತಿನ ಕುಂಚ ಮುಗಿಯುತ್ತದೆ. ಉಳಿದವರು ಚಹಾದ ಕಡೆ ತಿರುಗಿದರೆ ವಾಣಿಶ್ರೀ ಓಣಿಯ ನಡುವಿನ ಗೂಟದ ಕಡೆ ತಿರುಗುತ್ತಾರೆ. ಗೂಟಕ್ಕೆ ಕೆಂಪು ಪ್ಲಾಸ್ಟಿಕ್ ಚೌಕಟ್ಟಿನ ಒಂದು ಕನ್ನಡಿಯನ್ನು ಸ್ವಲ್ಪ ಮೇಲ್ಮುಖವಾಗಿ ಓರೆ ಮಾಡಿ ಕಟ್ಟಿದೆ. ಅದು ಅವರ ಗಂಡ ಹರಿಕೃಷ್ಣ ಗಡ್ಡ ಕೆರೆದುಕೊಳ್ಳುವ ಕನ್ನಡಿ. ವಾಣಿಶ್ರೀ ದಕ್ಷಿಣಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಅಡ್ಡ ಕಟ್ಟಿದ ಕೋಲಿನ ಮೇಲೆ ಗದ್ದ ಊರುತ್ತಾರೆ. ಉಸಿರು ಹಿಡಿದು ಕನ್ನಡಿಯ ಮೇಲೆ ಬೆರಳ ತುದಿಯಿಂದ ಒಂದು ಬಿಂದಿ ಅಂಟಿಸುತ್ತಾರೆ. ಆಮೇಲೆ ಇನ್ನೊಂದು.

ಪಕ್ಕದ ಮನೆಯ ಎಂಕಮ್ಮನಿಗೆ ಸುಮ್ಮನಿರಲು ಆಗುವುದಿಲ್ಲ. "ಇಷ್ಟು ನಸುಕಿನ್ಯಾಗ ಯಾರಿಗಿ ಸಿಂಗಾರ ಮಾಡ್ಕೊಳ್ಳಾಕತ್ತೀಯ ವಾಣೀ?"

"ನನಗಲ್ಲ, ಚೇಳಿಗಿ. ಕುಂಕುಮ ಇಡಾಕತ್ತೀನಿ. ನಗಿಸಬ್ಯಾಡ, ಕೈ ಅಳ್ಳಾಡ್ತದ."

ಚೇಳು ಅವರ ಬೆನ್ನ ಹಿಂದೆ, ಆಕಾಶದಲ್ಲಿದೆ. ಓಣಿಯ ದಕ್ಷಿಣದ ಬಾಯಿಯ ಮೇಲೆ, ಎರಡು ಮಾಳಿಗೆಗಳ ನಡುವಿನ ಸೀಳಿನಲ್ಲಿ, ಕೆಂಪಗೆ ಉರಿಯುವ ಜ್ಯೇಷ್ಠಾ ಮೇಲೆ, ಅಲ್ಲಿಂದ ಕೆಳಕ್ಕೆ ಎಡಕ್ಕೆ ಬಾಗುತ್ತ ಇಳಿದು ಮತ್ತೆ ಮೇಲಕ್ಕೆ ಮಡಿಚಿಕೊಂಡ ಬಾಲ. ಆ ಬಾಲದ ತುದಿಯ ಕೊಂಡಿಯನ್ನೇ ಪಂಚಾಂಗ ಮೂಲಾ ನಕ್ಷತ್ರ ಎನ್ನುತ್ತದೆ. ಕಣ್ಣೆದುರಿಗಿರುವ ಚೇಳನ್ನು ಬಿಟ್ಟು ಈಕೆ ಕನ್ನಡಿಯೊಳಗಿನ ಚೇಳಿಗೆ ಬಿಂದಿ ಹಚ್ಚುತ್ತಿರುವುದು ಯಾಕೆ ಎಂದು ತಿಳಿಯಬೇಕಾದರೆ ಅವರ ಮನೆಯ ಮಗ್ಗದ ಕುಣಿಗೆ ಇಳಿಯಬೇಕು. ಅದಕ್ಕೂ ಮೊದಲು ಗದ್ವಾಲಕ್ಕೆ ಹೋಗಿ ಬರಬೇಕು.

ವಾಣಿಶ್ರೀ ಹುಟ್ಟಿದ್ದು ಗದ್ವಾಲದ ನೇಕಾರರ ಮನೆಯಲ್ಲಿ. ಸೆರಗಿಗೆ ಜರಿಯ ಬುಟ್ಟಾ ಎತ್ತುವ ಕಸುಬು ತಂದೆಯ ಕೈಯಿಂದ ಬಂದದ್ದು. ಹದಿನೆಂಟಕ್ಕೆ ಕೈ ಹದವಾಗಿತ್ತು, ಆದರೆ ಮದುವೆ ಆಗಲಿಲ್ಲ. ಜಾತಕದಲ್ಲಿ ಮೂಲಾ ನಕ್ಷತ್ರ ಕೂತಿತ್ತು. ಮೂಲಾದ ಹೆಣ್ಣು ಹೊಸಿಲು ದಾಟಿದರೆ ಮಾವ ಉಳಿಯುವುದಿಲ್ಲವಂತೆ. ಬಂದವರು ಉಪ್ಪಿಟ್ಟು ತಿಂದರು, ಸೀರೆ ನೋಡಿದರು, ಕೈ ಹೊಗಳಿದರು, ನಕ್ಷತ್ರ ಕೇಳಿದರು, ಎದ್ದು ಹೋದರು. ಹೀಗೆ ಎಷ್ಟು ಜನ ಬಂದು ಹೋದರು ಎಂದು ಕೇಳಿದರೆ ವಾಣಿಶ್ರೀ ಕೈ ಬೀಸಿ ಬಿಡುತ್ತಾರೆ. "ಲೆಕ್ಕ ಇಟ್ಟಿಲ್ರಿ. ಉಪ್ಪಿಟ್ಟು ಮಾಡಿ ಮಾಡಿ ನಮ್ಮವ್ವನ ಕೈ ಸೋತಿತ್ತು, ಅದೊಂದು ನೆನಪೈತಿ."

ಆಕಾಶದಲ್ಲಿ ತನ್ನ ಪಾಡಿಗೆ ತಾನು ಉರಿಯುತ್ತಿರುವ ಒಂದು ಬೆಂಕಿಯ ಉಂಡೆ ಗದ್ವಾಲದ ಹುಡುಗಿಯೊಬ್ಬಳ ಮಾವನನ್ನು ಕೊಲ್ಲಲು ಹೊಂಚು ಹಾಕಿದೆ ಎಂದು ನಂಬಿಸಿದವರು ಯಾರು? ಇಂಥ ಹುಡುಗಿಯರ ಬಾಳನ್ನು ಜಾತಕದ ಮನೆಗಳೊಳಗೆ ಕೂಡಿ ಹಾಕಿ ಬೀಗ ಜಡಿದವರು ಯಾರು? ಅವರಲ್ಲಿ ಒಬ್ಬರಾದರೂ ನಸುಕಿನಲ್ಲಿ ಎದ್ದು, ಕತ್ತು ಎತ್ತಿ, ಆ ಮೂಲಾ ಆಕಾಶದಲ್ಲಿ ಎಲ್ಲಿದೆ ಎಂದು ನೋಡಿದ್ದಾರೆಯೇ? ನಕ್ಷತ್ರದ ಹೆಸರಿನಲ್ಲಿ ಹೆಣ್ಣುಮಕ್ಕಳ ಬಾಗಿಲು ಮುಚ್ಚಿದ ಈ ನಾಡಿನಲ್ಲಿ ನಕ್ಷತ್ರ ನೋಡುವುದನ್ನು ಹೆಣ್ಣುಮಕ್ಕಳಿಗೆ ಕಲಿಸಿದವರು ಕಡಿಮೆ.

ನಾರಾಯಣಪೇಟೆಯ ಬಾಲಮ್ಮ ಆ ಕೆಲವರಲ್ಲಿ ಒಬ್ಬರು. ಮಗ ಹರಿಕೃಷ್ಣನಿಗೆ ಹೆಣ್ಣು ನೋಡಲು ಗದ್ವಾಲಕ್ಕೆ ಹೋದವರು ಹುಡುಗಿಯ ಮುಖಕ್ಕಿಂತ ಮೊದಲು ಸೆರಗಿನ ಹಿಂಬದಿ ತಿರುಗಿಸಿ ನೋಡಿದರು. ನೂಲಿನ ಗಂಟು ಕಾಣಲಿಲ್ಲ. ನಕ್ಷತ್ರದ ಮಾತು ಬಂತು. ಹುಡುಗಿಯ ತಂದೆ ತಲೆ ತಗ್ಗಿಸಿ ಮೂಲಾ ಎಂದರು. ಬಾಲಮ್ಮ ಆಗ ಹೇಳಿದ ಮಾತನ್ನು ಎರಡೂ ಮನೆಯವರು ಇಂದಿಗೂ ಹೇಳಿ ನಗುತ್ತಾರೆ.

"ಮಾವಗ ಆಗಂಗಿಲ್ಲ ಅಷ್ಟೇ ಹೌದಲ್ಲೋ? ನಮ್ಮನ್ಯಾಗ ಮಾವ ಹೋಗಿ ಏಳು ವರ್ಷ ಆತು. ಇನ್ನೇನ್ ಮಾಡ್ತದ ನಿಮ್ಮ ಮೂಲಾ, ಬಂದು ಗಂಜಿ ಕುಡಿತದೇನು?"

ಮದುವೆಯಾಗಿ ಬಂದ ಮೊದಲ ಚಳಿಗಾಲದ ಕೊನೆ. ಕುಂಚ ಹಿಡಿದು ನಡುಗುತ್ತಿದ್ದ ಸೊಸೆಯನ್ನು ಬಾಲಮ್ಮ ಓಣಿಯ ದಕ್ಷಿಣದ ಬಾಯಿಗೆ ಕರೆದುಕೊಂಡು ಹೋಗಿ ಗದ್ದ ಹಿಡಿದು ಮೇಲೆತ್ತಿದರು. "ಅಗೋ, ಅದೇ ನಿನ್ನ ಮೂಲಾ. ಚೇಳಿನ ಕೊಂಡಿ. ಹೆದರಿಸ್ಯಾರಲ್ಲ ನಿನಗ ಇಷ್ಟು ದಿನ? ನೋಡು, ಎಷ್ಟು ಚಂದ ಐತಿ."

"ನನ್ನ ನಕ್ಷತ್ರ ನಾನು ನೋಡಿದ್ದು ಅವತ್ತೇರಿ," ಎನ್ನುತ್ತಾರೆ ವಾಣಿಶ್ರೀ. "ಅಲ್ಲೀತನ ಅದು ಬೈಗಳ ಆಗಿತ್ತು. ಆಮೇಲೆ ಚುಕ್ಕಿ ಆತು."

ಆ ನಸುಕಿನಿಂದ ಓಣಿಯೇ ಅವರ ಶಾಲೆ. ಅತ್ತೆ ಕುಂಚ ಆಡಿಸುತ್ತ ಹೆಸರು ಹೇಳುತ್ತ ಹೋದರು, ಅರ್ಧ ಕನ್ನಡ ಅರ್ಧ ತೆಲುಗು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ನೆತ್ತಿಯ ಮೇಲೆ ಪಿಲ್ಲಲ ಕೋಡಿ, ಅಂದರೆ ಮರಿಗಳನ್ನು ಕಟ್ಟಿಕೊಂಡ ಕೋಳಿ, ಪಂಚಾಂಗದ ಕೃತ್ತಿಕೆ. ಅದರ ಬೆನ್ನಿಗೇ ಮೂರು ಚುಕ್ಕಿ ಸಾಲಾಗಿ ನಿಂತ ಗೊಲ್ಲಕಾವಡಿ, ಪುಸ್ತಕದವರು ಬೇಟೆಗಾರ ಎನ್ನುವ ಪುಂಜ. ದೀಪಾವಳಿ ಚಳಿಗೆ ಪುನರ್ವಸುವಿನ ಜೋಡಿ. ಆಮೇಲೆ ಸಿಂಹದ ತಲೆಯ ಕುಡುಗೋಲು. ಸಂಕ್ರಾಂತಿಗೆ ಉತ್ತರದ ಬಾಯಿಯ ಮೇಲೆ ಮಂಚದ ನಾಲ್ಕು ಕಾಲು, ಅದೇ ಸಪ್ತರ್ಷಿ, ಮತ್ತು ದಕ್ಷಿಣದಲ್ಲಿ ಅಂಗೈ ಬಿಚ್ಚಿದ ಹಸ್ತಾ. ಶಿವರಾತ್ರಿ ದಾಟಿದರೆ ಚೇಳು. ಶುಕ್ರ, ಗುರು ಎಷ್ಟೇ ಹೊಳೆದರೂ ಬಾಲಮ್ಮನ ಲೆಕ್ಕಕ್ಕೆ ಇಲ್ಲ. "ಅವು ತಿರುಗೂ ಮಂದಿ. ಇವತ್ತಿನ ಮನಿಯಾಗ ನಾಳಿ ಇರಂಗಿಲ್ಲ."

ಹಲವು ವರ್ಷಗಳ ಮೇಲೆ ಮಕ್ತಲದಲ್ಲಿರುವ ನಾದಿನಿ ರಜಿನಿ ಗೋಡೆಗೆ ಅಂಟಿಸುವ ಒಂದು ಆಕಾಶದ ಪಟ ತಂದುಕೊಟ್ಟರು. ರಜಿನಿ ಅಂಗನವಾಡಿಯಲ್ಲಿ ದುಡಿಯುವವರು, ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು. ಪಟದಲ್ಲಿ ಒಂದೊಂದು ಪುಂಜದ ಕೆಳಗೂ ಅದನ್ನು ನೋಡಲು ಒಳ್ಳೆಯ ತಿಂಗಳು ಬರೆದಿತ್ತು. ಬೇಟೆಗಾರನಿಗೆ ಜನವರಿ. ಸಿಂಹಕ್ಕೆ ಏಪ್ರಿಲ್. ಸಪ್ತರ್ಷಿಗೆ ಮೇ. ಚೇಳಿಗೆ ಜುಲೈ. ವಾಣಿಶ್ರೀಗೆ ದಿಗಿಲಾಯಿತು. ಅತ್ತೆ ಹೇಳಿದ ಒಂದೂ ಸರಿಯಿಲ್ಲವಲ್ಲ!

ಅತ್ತಿಗೆ ನಾದಿನಿ ಇಬ್ಬರೂ ಕಟ್ಟೆಯ ಮೇಲೆ ಕೂತು ಇದನ್ನು ಬಿಡಿಸಿದರು. ಬಿಡಿಸಿದಾಗ ನಗು ಬಂತು. ಪಟವೂ ಸರಿ, ಅತ್ತೆಯೂ ಸರಿ. ಪಟದ ತಿಂಗಳುಗಳು ಊಟ ಮುಗಿಸಿ ಮಾಳಿಗೆ ಹತ್ತುವವರಿಗೆ. ಓಣಿಯವರು ಆಕಾಶ ನೋಡುವುದು ರಾತ್ರಿಯ ಇನ್ನೊಂದು ತುದಿಯಲ್ಲಿ. ಅಷ್ಟರಲ್ಲಿ ಆಕಾಶ ಪಶ್ಚಿಮಕ್ಕೆ ಅಷ್ಟು ಉರುಳಿರುತ್ತದೆ. ಹಾಗಾಗಿ ಊರಿನವರಿಗೆ ಸಂಜೆ ಕಾಣುವ ಪುಂಜ ಓಣಿಯವರಿಗೆ ನಾಲ್ಕು ತಿಂಗಳು ಮೊದಲೇ ನಸುಕಿನಲ್ಲಿ ಸಿಗುತ್ತದೆ. ಜುಲೈಯ ಚೇಳು ಮಾರ್ಚಿಗೆ. ಜನವರಿಯ ಬೇಟೆಗಾರ ಸೆಪ್ಟೆಂಬರಿಗೆ.

"ಪಟದಾಗಿನದು ಉಂಡು ನೋಡೋರ ತಿಂಗಳು," ಎನ್ನುತ್ತಾರೆ ವಾಣಿಶ್ರೀ. "ನಮ್ದು ದುಡ್ಯಾಕ ಎದ್ದು ನೋಡೋರ ತಿಂಗಳು. ಅದ್ರಾಗ ನಾವೇ ಪುಣ್ಯವಂತರ್ರಿ. ಜುಲೈದಾಗ ಇಲ್ಲಿ ಮೋಡ. ಸಂಜಿ ಮಂದಿ ಚೇಳು ನೋಡಾಕ ಮುಗಿಲ ಕೈಕಾಲು ಹಿಡೀಬೇಕು. ನಮಗ ಅದೇ ಚೇಳು ಶಿವರಾತ್ರಿ ಮುಗಿದ ಮ್ಯಾಗ ಮನಿ ಬಾಗಿಲಿಗೇ ಬರ್ತದ, ಮೋಡಿಲ್ಲದ ಮುಗಿಲಾಗ."

ಆಕಾಶದ ಕ್ಯಾಲೆಂಡರುಗಳೂ ಹೀಗೆ ಯಾರ ಬಿಡುವಿಗೆ ತಕ್ಕಂತೆ ಅಚ್ಚಾಗುತ್ತವೆ ಎಂಬುದನ್ನು ನೋಡಿ. ಬಿಡುವಿದ್ದವರ ಸಂಜೆ ಪಟದ ಮೇಲೆ ಇದೆ. ದುಡಿಯುವವರ ನಸುಕು ಎಲ್ಲೂ ಅಚ್ಚಾಗಿಲ್ಲ. ಅದು ಬಾಲಮ್ಮನ ಬಾಯಲ್ಲಿ ಇತ್ತು. ಈಗ ವಾಣಿಶ್ರೀಯ ಹಾಸಿನಲ್ಲಿದೆ.

ನಾರಾಯಣಪೇಟೆಯ ಮಗ್ಗಕ್ಕೆ ಒಂದು ಹಾಸು ಏರಿಸಿದರೆ ಎಂಟು ಸೀರೆ. ಎಂಟೂ ಮುಗಿಯುವವರೆಗೆ ನೇಯ್ದ ಬಟ್ಟೆ ಮುಂದಿನ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಕೊನೆಗೆ ಒಮ್ಮೆಲೇ ಕತ್ತರಿ. ಹಗಲೆಲ್ಲ ವಾಣಿಶ್ರೀ ಮತ್ತು ಹರಿಕೃಷ್ಣ ಒಂದೊಂದು ಮಗ್ಗದಲ್ಲಿ ಕೂತು ಅಂಗಡಿಯವರ ಚೌಕಡಿ ಸೀರೆ ನೇಯುತ್ತಾರೆ. ಸೀರೆಯ ಮೇಲೆ ಊರಿನ ಹೆಸರು ಇರುತ್ತದೆ, ಅಂಗಡಿಯ ಹೆಸರು ಇರುತ್ತದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಮೊಣಕಾಲು ಸವೆಸಿಕೊಂಡವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಯಂತ್ರದ ಮಗ್ಗದಲ್ಲಿ ಹೊಡೆದ ನಕಲಿ ಚೌಕಡಿ ಅದೇ ಊರಿನ ಹೆಸರು ಹೊತ್ತು ಪಕ್ಕದ ಅಂಗಡಿಯಲ್ಲಿ ತೂಗುತ್ತದೆ. ಇದೆಲ್ಲ ಗೊತ್ತಿದ್ದೇ ಹೋದ ಬೇಸಿಗೆಯಲ್ಲಿ ವಾಣಿಶ್ರೀ ಮೂಲೆಗೆ ಬಿದ್ದಿದ್ದ ಅತ್ತೆಯ ಹಳೆಯ ಮಗ್ಗವನ್ನು ಎತ್ತಿ ನಿಲ್ಲಿಸಿದರು. ಅದಕ್ಕೆ ಸ್ವಂತದ ಹಾಸು ಏರಿಸಿದರು. ಎಂಟು ಸೀರೆ, ಎಂಟು ಸೆರಗಿನಲ್ಲಿ ನಸುಕಿನ ಆಕಾಶ. ಅಂಗಡಿಯ ಕೆಲಸ ಮುಗಿದ ಮೇಲಿನ ಹೊತ್ತೆಲ್ಲ ಆ ಮಗ್ಗಕ್ಕೆ.

ಅದಕ್ಕೆ ಅವಸರವೂ ಇತ್ತು. ಬಾಲಮ್ಮನ ಕಣ್ಣು ಮಂಜಾಗುತ್ತ ಬಂದಿತ್ತು. ದವಾಖಾನೆಗಳಿಗೆ ತೋರಿಸಿದ್ದಾಯಿತು. ನರವೇ ಒಣಗಿದೆ ಎಂದರು. ಈಗ ಅವರಿಗೆ ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ನೆರಳು ಕಾಣುತ್ತದೆ. "ದೀಪ ಕಾಣ್ತದ, ಚುಕ್ಕಿ ಕಾಣಂಗಿಲ್ಲ," ಎನ್ನುತ್ತಾರೆ. ಕಣ್ಣಿಗೆ ಕಾಣದ ಚುಕ್ಕಿ ಬೆರಳಿಗಾದರೂ ಸಿಗಲಿ ಎಂಬುದು ಸೊಸೆಯ ಆಸೆ. ಹತ್ತಿಯ ನೆಲದ ಮೇಲೆ ಜರಿಯ ಬುಟ್ಟಾ ಸಣ್ಣಗೆ ಉಬ್ಬಿಕೊಳ್ಳುತ್ತದಲ್ಲ!

ಮೊದಲನೆಯ ಸೆರಗಿಗೆ ಸಹಜವಾಗಿಯೇ ಚೇಳನ್ನು ಆರಿಸಿಕೊಂಡರು. ಜೂನಿನ ಒಂದು ಸಂಜೆ ಮೋಡ ಬಿರಿದಾಗ ಕಣ್ತುಂಬ ನೋಡಿ, ನೋಡಿದ್ದನ್ನು ನೋಡಿದ ಹಾಗೆಯೇ ಮಗ್ಗದ ಮೇಲೆ ಎತ್ತಿದರು. ತಲೆ ಬಲಕ್ಕೆ, ಬಾಲ ಎಡಕ್ಕೆ. ಅಳತೆ ತಪ್ಪಲಿಲ್ಲ. ಮುಗಿಸಿ ಅತ್ತೆಯನ್ನು ಕರೆದರು.

ಮಗ್ಗದ ಮೇಲಿರುವಾಗ ಬುಟ್ಟಾ ಸೀರೆಯ ಮುಖ ಕೆಳಗಿರುತ್ತದೆ. ನೇಯುವವರಿಗೆ ಕಾಣುವುದು ಬರೀ ಬೆನ್ನು. ಮುಖ ಹೇಗೆ ಬಂದಿದೆ ಎಂದು ತಿಳಿಯಲು ಹಳಬರು ಬಟ್ಟೆಯ ಕೆಳಗೆ ಕೈ ತೂರಿಸಿ ಸವರಿ ನೋಡುತ್ತಾರೆ. ಬಾಲಮ್ಮ ಕುಣಿಯ ಅಂಚಿಗೆ ಕೂತು ಹಾಗೆಯೇ ಕೈ ತೂರಿಸಿದರು. ಬೆರಳು ಜ್ಯೇಷ್ಠಾದಿಂದ ಇಳಿಯಿತು. ಅರ್ಧ ದಾರಿಯಲ್ಲಿ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಇಳಿಯಿತು.

"ಏ ಹುಡುಗಿ, ಇದರ ಬಾಲ ಬಲಕ್ಕ ಯಾಕ ಹೊಂಟೈತಿ? ಇದು ನಮ್ಮ ಓಣಿ ಚೇಳಲ್ಲ. ದೇವರು ಮ್ಯಾಲಿಂದ ಬಗ್ಗಿ ನೋಡಿದ ಚೇಳು."

ಐವತ್ತರ ಹುಡುಗಿ ಹಣೆ ಹಣೆ ಬಡಿದುಕೊಂಡರು. ಬೆನ್ನ ಮೇಲೆ ಎಡಕ್ಕೆ ತಿರುಗಿಸಿದ ಬಾಲ ಮುಖದ ಮೇಲೆ ಬಲಕ್ಕೆ ಬಂದಿತ್ತು. ಮೂವತ್ತು ವರ್ಷ ಬುಟ್ಟಾ ಎತ್ತಿದವರಿಗೆ ಇಷ್ಟು ಹೊಳೆಯಲಿಲ್ಲವೇ ಎಂದು ಕೇಳುವವರು ನೇಕಾರರ ಕಸುಬು ಅರಿಯದವರು. ರುದ್ರಾಕ್ಷಿ, ಕುಂಭ, ಗೋಪುರ, ಎದುರುಬದುರು ನಿಂತ ಜೋಡಿ ನವಿಲು, ಇವನ್ನು ಹಿಂದಿನಿಂದ ನೋಡಿದರೂ ಅದೇ, ಮುಂದಿನಿಂದ ನೋಡಿದರೂ ಅದೇ. ಎಡಬಲ ಬೇರೆಯಾಗಿರುವ ಬುಟ್ಟಾ ಅವರ ಅಪ್ಪನೂ ಎತ್ತಿರಲಿಲ್ಲ, ಅಜ್ಜನೂ ಎತ್ತಿರಲಿಲ್ಲ. ಎಲ್ಲರ ಕೈಗೂ ಜೋಡಿ ನವಿಲಿನ ರೂಢಿ.

ಬಿಚ್ಚಿ ಮತ್ತೆ ನೇಯೋಣವೆಂದರೆ ಜರಿ ನೂಲು ಎಳೆದರೆ ಹಾಸೇ ಹರಿಯುತ್ತದೆ. ಅಷ್ಟರಲ್ಲಿ ಮೋಡವೂ ಮುಚ್ಚಿತು. ತಪ್ಪು ಚೇಳು ದಿಂಡಿಗೆ ಸುತ್ತಿಕೊಂಡಿತು. ವಾಣಿಶ್ರೀ ಅಂದೇ ತೀರ್ಮಾನಿಸಿದರು. ಎಂಟನೆಯದೂ ಚೇಳೇ. ನಡುವಿನ ಆರಕ್ಕೆ ಕೋಳಿ, ಕಾವಡಿ, ಜೋಡಿ, ಕುಡುಗೋಲು, ಮಂಚ, ಹಸ್ತಾ. ಅವು ಒಂದೊಂದೂ ತಮ್ಮ ತಮ್ಮ ನಸುಕಿಗೆ ಬಂದ ಹಾಗೆ.

ಎಡಬಲದ ತೊಡಕು ಬಿಡಿಸಿದ್ದು ಹರಿಕೃಷ್ಣರ ಕನ್ನಡಿ. ಅವರು ಶೇವಿಂಗ್ ಮಾಡಿಕೊಳ್ಳುವಾಗ ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಂಡದ್ದನ್ನು ವಾಣಿಶ್ರೀ ನೋಡಿದರು. ಅಷ್ಟೇ ಸಾಕಾಯಿತು. ಆಕಾಶಕ್ಕೆ ಬೆನ್ನು ಹಾಕಿ ಕೂತು ಕನ್ನಡಿಯಲ್ಲಿ ಕಂಡ ಪುಂಜಕ್ಕೆ ಬಿಂದಿ ಅಂಟಿಸುವುದು. ಕಣ್ಣು ಕದಲಿದರೆ ಚುಕ್ಕಿಯೂ ಕದಲುತ್ತದೆ, ಆದ್ದರಿಂದ ಗದ್ದಕ್ಕೆ ಕೋಲು. ದೊಡ್ಡ ಚುಕ್ಕಿಗೆ ದೊಡ್ಡ ಬಿಂದಿ, ಸಣ್ಣದಕ್ಕೆ ಸಾಸಿವೆಯಷ್ಟರದು. ಆಮೇಲೆ ಕನ್ನಡಿಯನ್ನು ಮಗ್ಗದ ಪಕ್ಕ ಒರಗಿಸಿಕೊಂಡು ಬಿಂದಿಯಿಂದ ಬಿಂದಿಗೆ ಎಳೆ ಎಣಿಸಿ ನೇಯುವುದು. ಬೆನ್ನಿನ ಮೇಲೆ ತಿರುಗುಮುರುಗಾಗಿ ನೇಯ್ದದ್ದು ಮುಖದ ಮೇಲೆ ನೇರವಾಗಿ ಕೂರುತ್ತದೆ.

"ನನ್ನ ಗಡ್ಡ ನೋಡ್ರಿ," ಎಂದು ಹರಿಕೃಷ್ಣ ಗಲ್ಲ ತೋರಿಸುತ್ತಾರೆ. "ಒಂದೊಂದು ಸೆರಗಿಗೂ ಹದಿನೈದು ದಿನ ಕನ್ನಡಿ ಜಪ್ತಿ. ಬಿಂದಿ ಕಿತ್ತಿದ್ರ ಮನಿ ಬಿಟ್ಟು ಹೋಗ್ತೀನಿ ಅಂತ ಹುಕುಂ. ಒಂದಿನ ಹಂಗೇ ನೋಡ್ಕೊಂಡು ಕೆರಕೊಂಡ್ನಿ. ಗೊಲ್ಲಕಾವಡಿ ಮೂಗಿನ ಮ್ಯಾಗ ಕುಂತಿತ್ತು, ಮೀಸಿ ಒಂದು ಕಡಿ ಹಾರಿ ಹೋತು."

"ಭಾಳ ಚಲೋನೇ ಆತು," ಎನ್ನುತ್ತಾರೆ ವಾಣಿಶ್ರೀ ತಿರುಗಿಯೂ ನೋಡದೆ. "ಅದು ಮೀಸಿ ಆಗಿರಲೇ ಇಲ್ಲ."

ಸರಿ, ಈಗ ಎಂಟನೆಯದು. ಹಾಸಿನಲ್ಲಿ ಉಳಿದಿರುವುದು ಒಂದೇ ಸೀರೆಯ ಉದ್ದ, ಅದರ ಒಡಲೂ ನೇಯ್ದು ಮುಗಿದಿದೆ. ಸೆರಗು ಮಾತ್ರ ಕಾಯುತ್ತಿದೆ. ಈ ಬಾರಿ ಬಾಲ ತಪ್ಪು ಕಡೆ ತಿರುಗಿದರೆ ಸರಿಪಡಿಸಲು ಬಟ್ಟೆಯೇ ಇಲ್ಲ.

ನಸುಕೂ ಕೆಲವೇ. ಶಿವರಾತ್ರಿಯ ಅಮಾವಾಸ್ಯೆಯಿಂದ ಹೋಳಿ ಹುಣ್ಣಿಮೆಯವರೆಗೆ ಚಂದ್ರ ಬೆಳಗಿನೊಳಗೆ ಮುಳುಗಿರುತ್ತಾನೆ. ಬಾಲದ ಸಣ್ಣ ಚುಕ್ಕಿಗಳು ಕಾಣುವುದು ಆಗ ಮಾತ್ರ. ಹೋಳಿ ದಾಟಿದರೆ ನಸುಕಿಗೆಲ್ಲ ಬೆಳದಿಂಗಳು. ಅದು ಕಳೆಯುವಷ್ಟರಲ್ಲಿ ಯುಗಾದಿ. ಯುಗಾದಿಗೆ ಸೀರೆ ಬೇಕೆಂದು ಕೂತವರು ಅಂಗಡಿಯ ರಾಜಕುಮಾರ ಸೇಠ್. ಹೋದ ತಿಂಗಳು ಅವರು ಬಂದು ದಿಂಡು ಬಿಚ್ಚಿಸಿ ನೋಡಿದರು. ಕೋಳಿ ಕಂಡು ಬೆರಗಾದರು. ಮಂಚ ಕಂಡು ಫೋಟೊ ತೆಗೆದರು. ಚೇಳಿಗೆ ಬಂದಾಗ ಕೈ ಹಿಂದೆ ತೆಗೆದರು.

"ವಾಣಮ್ಮಾ, ಆರೂ ಏಕ್ದಂ ಬರಾಬರ್. ಹೈದರಾಬಾದಿನ ಮಂದಿ ಕಣ್ಣು ಮುಚ್ಚಿ ತಗೋತಾರ. ಚೇಳು ತೆಗೆದಿಡು. ಎಂಟನೇದಕ್ಕ ಜೋಡಿ ನವಿಲು ಹಾಕಿ ಜಲ್ದಿ ಮುಗಿಸು."

"ಎಂಟನೇದೂ ಚೇಳೇ ಸೇಠ್. ಮೊದ್ಲನೇದು ತಪ್ಪಾಗೇತಿ."

"ತಪ್ಪಾಗಿದ್ದು ಯಾರಿಗಿ ತಿಳೀತೈತಿ?"

"ನಮ್ಮತ್ತಿಗಿ ತಿಳೀತೈತಿ."

ಸೇಠ್ ನಕ್ಕು ಮಾತು ಬದಲಿಸಿದರು. "ಅದಲ್ಲಮ್ಮಾ, ಮದಿವಿ ಮನಿಗಿ ಚೇಳಿನ ಸೀರಿ ಯಾರ್ ಒಯ್ತಾರ? ಅದ್ರಾಗೂ ಕೊಂಡಿಯಾಗ ಮೂಲಾ ಅಂತ ಗೊತ್ತಾದ್ರ ಬೀಗರು ನನ್ನ ಹೊಡಿತಾರ."

ಒಳಗಿನಿಂದ ಬಾಲಮ್ಮನ ದನಿ ಬಂತು. "ಮೂವತ್ತು ವರ್ಷ ಆ ಮೂಲಾನ್ನ ಮನಿಯಾಗ ಇಟ್ಕೊಂಡೀನಿ ಸೇಠಾ. ಇನ್ನಾ ಗಟ್ಟಿ ಅದೀನಿ. ನೀನು ಒಂದು ಸೀರಿಗಿ ಹೆದರ್ತಿ?"

ಸೇಠ್ ಹೋದರು. ಚೇಳು ಬಿಟ್ಟು ಏಳಾದರೂ ಪೂರಾ ಇಲ್ಲದಿದ್ದರೆ ತೆಗೆದುಕೊಳ್ಳುವುದು ಕಷ್ಟ ಎಂದು ಹೇಳಿಯೇ ಹೋದರು. ವಾಣಿಶ್ರೀ ಮರುದಿನ ಬಿಂದಿಯ ಹಾಳೆ ತಂದರು.

ಅಡ್ಡಿ ಬಂದದ್ದು ಇನ್ನೊಂದು ಕಡೆಯಿಂದ. ಓಣಿಯ ದಕ್ಷಿಣದ ಬಾಯಿಗೆ ಹೊಸ ಬಿಳಿ ದೀಪ ಹಾಕಿದ್ದಾರೆ. ಅದರ ಝಗಕ್ಕೆ ಚೇಳಿನ ತಲೆ ಉಳಿಯುತ್ತದೆ, ಬಾಲ ಕರಗುತ್ತದೆ. ಮೊದಲ ನಸುಕು ವಾಣಿಶ್ರೀ ಉದ್ದ ಕೋಲಿಗೆ ಗೋಣಿಚೀಲ ಸಿಕ್ಕಿಸಿ ದೀಪಕ್ಕೆ ಟೊಪ್ಪಿಗೆ ಹಾಕಿದರು. ಲೈನ್‌ಮನ್ ಮಹೇಂದರ್ ಬಂದು ಕೂಗಾಡಿದರು.

"ಏನಕ್ಕಾ ಇದು? ಬೆಂಕಿ ಹತ್ತಿದ್ರ ನನ್ನ ನೌಕರಿ ಹೋಗ್ತದ!"

"ಹಂಗಾದ್ರ ನಸುಕಿನ್ಯಾಗ ಒಂದೀಟು ಆರ್ಸು."

"ಯಾಕಂತ ಬರೀಲಿ? ಚುಕ್ಕಿ ನೋಡಾಕ ಅಂತ ಬರೆದ್ರ ಸಾಹೇಬ್ರು ನನ್ನ ತಲಿ ನೋಡ್ತಾರ."

ಆಗ ಎಂಕಮ್ಮ ಹಾಸಿನ ಮೇಲಿಂದ ಏನನ್ನೋ ಚಿವುಟಿ ತೆಗೆದು ಮಹೇಂದರ್ ಅಂಗೈಗೆ ಇಟ್ಟರು. ಗಂಜಿಗೆ ಅಂಟಿ ಸತ್ತ ರೆಕ್ಕೆಹುಳ. ದೀಪ ಬಂದಂದಿನಿಂದ ಹುಳಗಳು ಬೆಳಕಿಗೆ ಮುತ್ತಿ ಹಸಿ ಹಾಸಿನ ಮೇಲೆ ಉದುರುತ್ತಿವೆ. ಒಂದೊಂದು ಹುಳಕ್ಕೂ ಒಂದೊಂದು ಎಳೆ ಕಡಿಯುತ್ತದೆ. ಓಣಿಯವರೆಲ್ಲ ಸುತ್ತ ನೆರೆದರು.

ಮಹೇಂದರ್ ಅಂಗೈ ನೋಡಿದರು, ಆಕಾಶ ನೋಡಿದರು. "ಇದನ್ನ ಮೊದ್ಲೇ ಹೇಳಬಾರದೇನಕ್ಕಾ? ಚುಕ್ಕಿಗಿ ಸಾಹೇಬ್ರು ನಗ್ತಾರ. ಹುಳ ಅಂದ್ರ ಒಪ್ತಾರ." ಈಗ ಗಂಜಿಯ ಹೊತ್ತಿಗೆ ದೀಪ ಆರುತ್ತದೆ. ಆರಿಸಲು ಬರುವ ಮಹೇಂದರ್ ತಾವೂ ಒಂದು ಕ್ಷಣ ಕಂಬಕ್ಕೆ ಒರಗಿ ದಕ್ಷಿಣಕ್ಕೆ ನೋಡಿ ಹೋಗುತ್ತಾರೆ. ಅವರ ತಂಗಿ ರಜಿತಾಳದೂ ಮೂಲಾವೇ. ಎರಡು ಸಂಬಂಧ ಹಿಂದೆ ಹೋಗಿವೆ. ಇದನ್ನು ಅವರು ಹೇಳಿದ್ದು ದೀಪ ಆರಿಸಿದ ಮೂರನೆಯ ದಿನ, ಹೊರಟು ನಿಂತಾಗ, ಸೈಕಲ್ ಹಿಡಿದುಕೊಂಡು.

ಹೋಳಿಯ ಮುಂಚಿನ ನಸುಕಿಗೆ ಕನ್ನಡಿಯಲ್ಲಿ ಕೊನೆಯ ಬಿಂದಿ ಕೂರುತ್ತದೆ. ಕೊಂಡಿಯ ತುದಿಯಲ್ಲಿ ಅಂಟಿಕೊಂಡಂತಿರುವ ಎರಡು ಚುಕ್ಕಿ, ಒಂದು ದೊಡ್ಡದು, ಒಂದು ಸಣ್ಣದು. ಓಣಿಯಲ್ಲಿ ಬಣ್ಣ ಎರಚುವ ಹೊತ್ತಿಗೆ ವಾಣಿಶ್ರೀ ಕದ ಹಾಕಿಕೊಂಡು ಕುಣಿಗೆ ಇಳಿದಿದ್ದಾರೆ. ಕನ್ನಡಿ ಪಕ್ಕದಲ್ಲಿದೆ. ಹಗಲು ಅಂಗಡಿಯ ಸೀರೆ, ಉಳಿದ ಹೊತ್ತು ಚೇಳು. ಜ್ಯೇಷ್ಠಾಕ್ಕೆ ಕೆಂಪು ರೇಷ್ಮೆ, ಉಳಿದದ್ದಕ್ಕೆಲ್ಲ ಬಿಳಿ ಜರಿ. ಸಣ್ಣ ಸಣ್ಣ ಕಡ್ಡಿಗಳಿಂದ ಎಳೆ ಎತ್ತಿ, ಜರಿ ತೂರಿಸಿ, ಹಣಿಗೆ ಬಡಿದು, ಮತ್ತೆ ಎತ್ತಿ. ಒಂದು ಬೆರಳಿನಷ್ಟು ಆಕಾಶಕ್ಕೆ ಒಂದು ಸಂಜೆ ಹೋಗುತ್ತದೆ. ನಡುವೆ ಎದ್ದು ಸೊಂಟ ಹಿಡಿದುಕೊಂಡು ಗೋಡೆಗೆ ಒರಗುತ್ತಾರೆ. ಮತ್ತೆ ಇಳಿಯುತ್ತಾರೆ.

ಸೇಠ್ ಮತ್ತೆ ಬಂದರೆ ಏನು ಹೇಳುತ್ತೀರಿ?

"ಆರು ಕೊಡ್ತೀನಿ. ಬೇಕಂದ್ರ ತಗೊಳ್ಲಿ, ಬ್ಯಾಡಂದ್ರ ಬಿಡ್ಲಿ. ಚೇಳು ಎರಡೂ ಮಾರಂಗಿಲ್ಲ. ತಪ್ಪಿದ್ದು ನಮ್ಮತ್ತಿ ಉಡ್ತಾಳಂತ. ದೇವರು ಮ್ಯಾಲಿಂದ ನೋಡಿದ್ರ ಅವಂಗರ ಸರಿ ಕಾಣ್ಲಿ ಅಂತಾಳ." ವಾಣಿಶ್ರೀ ಜರಿಯ ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದು ಒಂದು ಎಳೆ ಎತ್ತುತ್ತಾರೆ. "ಇದು, ಸರಿಯಾಗಿ ಬಂದ್ರ, ರಜಿತಾಗ. ಮಹೇಂದರಗ ಇನ್ನಾ ಹೇಳಿಲ್ಲ. ಆಕಿ ಮದಿವ್ಯಾಗ ಉಟ್ಕೊಂಡು ಮಂದಿ ನಡುವ ನಿಂದರಬೇಕು. ನಕ್ಷತ್ರ ಯಾವ್ದು ಅಂತ ಕೇಳಿದೋರಿಗಿ ಸೆರಗು ತೋರಿಸಬೇಕು. ಅಷ್ಟೇರಿ ನನ್ನ ಆಸಿ."

ಸರಿಯಾಗಿ ಬಂದಿದೆಯೇ ಎಂದು ಹೇಳಬೇಕಾದವರು ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ. ಸೆರಗಿನ ಕೊನೆಯ ಹೊಕ್ಕು ಬಿದ್ದ ಬೆಳಿಗ್ಗೆ ವಾಣಿಶ್ರೀ ಕರೆಯುವುದಿಲ್ಲ. ಹಣಿಗೆಯ ಸದ್ದು ನಿಂತದ್ದೇ ಬಾಲಮ್ಮನಿಗೆ ಕರೆ. ಗೋಡೆ ಹಿಡಿದು ಒಳಗೆ ಬರುತ್ತಾರೆ. ಹರಿಕೃಷ್ಣ ತಮ್ಮ ಮಗ್ಗ ನಿಲ್ಲಿಸುತ್ತಾರೆ. ಬಾಲಮ್ಮ ಕುಣಿಯ ಅಂಚಿಗೆ ಕೂತು, ಬಟ್ಟೆಯ ಕೆಳಗೆ ಕೈ ತೂರಿಸಿ, ಮುಖ ಮೇಲಕ್ಕೆತ್ತಿ ಕಣ್ಣು ಮುಚ್ಚುತ್ತಾರೆ. ನಸುಕಿನಲ್ಲಿ ಓಣಿಯ ಬಾಯಿಗೆ ನಿಂತು ನೋಡುತ್ತಿದ್ದ ಹಾಗೆಯೇ, ಕೆಳಗಿನಿಂದ.

ಮೇಲಿನಿಂದ ನೋಡುತ್ತಿರುವ ವಾಣಿಶ್ರೀಗೆ ಬಟ್ಟೆಯಡಿಯಲ್ಲಿ ಸಣ್ಣ ಉಬ್ಬೊಂದು ಚಲಿಸುವುದು ಕಾಣುತ್ತದೆ. ಅತ್ತೆಯ ಬೆರಳು. ಅದು ಜ್ಯೇಷ್ಠಾದಲ್ಲಿ ಹೊರಡುತ್ತದೆ. ಇಳಿಯುತ್ತದೆ. ಹೋದ ಸಲ ನಿಂತ ಜಾಗದಲ್ಲಿ ಈ ಸಲವೂ ನಿಲ್ಲುತ್ತದೆ. ಬೆರಳು ವಾಣಿಶ್ರೀಯ ಬಲಕ್ಕೆ, ಸೀರೆಯ ಮುಖದ ಎಡಕ್ಕೆ ಹೊರಳುತ್ತದೆ. ಬಾಗು ಹಿಡಿದು ಹೋಗುತ್ತದೆ, ಮೇಲಕ್ಕೆ ಮಡಿಚಿಕೊಳ್ಳುತ್ತದೆ, ತುದಿಯ ಜೋಡಿ ಚುಕ್ಕಿಯ ಮೇಲೆ ಒತ್ತಿ ನಿಲ್ಲುತ್ತದೆ.

ಬಾಲಮ್ಮ ಫಕ್ಕನೆ ಕೈ ಹಿಂದಕ್ಕೆಳೆದುಕೊಂಡು ಬೆರಳು ಬಾಯಿಗಿಡುತ್ತಾರೆ.

"ಹ್ಞಾ, ಈಗ ಕಡಿತು ನೋಡು."